ಶ್ವಾಸರೋಗದಲ್ಲಿ ಸಾಧ್ಯಾಸಾಧ್ಯವಿಚಾರ

ಕಠಿನರೋಗಕ್ಕೆ ತುತ್ತಾದವನು ಬದುಕುವನೋ ಇಲ್ಲವೋ ಎಂಬುದನ್ನು ಮುಂದಾಗಿ ನಿರ್ಣಯಿಸುವ ಪ್ರಯತ್ನವು ಬಹು ಪ್ರಾಚೀನವಾದುದು. ಚರಕಸಂಹಿತೆಯ ಇಂದ್ರಿಯಸ್ಥಾನದ ೧೨ ಅಧ್ಯಾಯಗಳು ಮರಣಸೂಚಕವಾದ ಅರಿಷ್ಟಲಕ್ಷಣಗಳ ನಿರೂಪಣೆಗೆಂದೇ ಮೀಸಲಾಗಿವೆ. ಅದೇ ಗ್ರಂಥದ ಚಿಕಿತ್ಸಾಸ್ಥಾನದ ೧೭ನೆಯ ಅಧ್ಯಾಯದಲ್ಲಿ ಶ್ವಾಸರೋಗವು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ವಿಧವಾಗಿ ವಿಭಾಗಿಸಲ್ಪಟ್ಟಿದೆ. ಮೊದಲಿನ ಮೂರು ಪ್ರಾಣಹರ, ತಮಕವು ಯಾಪ್ಯ, ಹೊಸದಾಗಿದ್ದರೆ ಸಾಧ್ಯ, ಕ್ಷುದ್ರವು ಸಾಧ್ಯ. ಅಸಾಧ್ಯರೋಗಕ್ಕೆ ಕೈಹಾಕಿದ ವೈದ್ಯನಿಗೆ ಅರ್ಥಹಾನಿಯೂ ಯಶೋಹಾನಿಯೂ ತಪ್ಪವೆಂದು ಸೂತ್ರಸ್ಥಾನವು ಎಚ್ಚರಿಸುತ್ತದೆ.

ಹಾಗಾದರೆ ಅಸಾಧ್ಯತ್ವವೆಂಬುದು ರೋಗದ ಸ್ವಭಾವವೋ, ಉಪಾಯದ ಅಭಾವವೋ? ಸಾಧನದಿಂದ ನೆರವೇರತಕ್ಕದ್ದೇ ಸಾಧ್ಯ. ಶಬ್ದವೇ ಸಾಧನವನ್ನು ಅಪೇಕ್ಷಿಸುತ್ತದೆ. ಅರಿಷ್ಟವು ಹುಟ್ಟಿದ ಮೇಲೆ ಮರಣವು ನಿಶ್ಚಿತವೆಂದ ಸುಶ್ರುತನೇ, ರಸಾಯನ, ತಪಸ್ಸು, ಜಪಗಳಲ್ಲಿ ನಿರತರಾದವರಿಂದ ಅದು ನಿವಾರಿಸಲ್ಪಡುವುದೂ ಉಂಟೆಂದು ಸೇರಿಸಿರುವುದು ಗಮನಾರ್ಹವಾಗಿದೆ.

ಈ ವಿಷಯದಲ್ಲಿ ಡೆನ್ಮಾರ್ಕ್ ದೇಶದ ಒಂದು ವೃತ್ತಾಂತವು ಸಾಕ್ಷಿಯಾಗಿದೆ. ೧೯೫೨ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಜಾಡ್ಯವು ಹಬ್ಬಿ, ಉಸಿರಾಟದ ಶಕ್ತಿಯುಡುಗಿದ ರೋಗಿಗಳು ಬ್ಲೆಗ್ಡಾಮ್ ಆಸ್ಪತ್ರೆಯನ್ನು ತುಂಬಿದರು. ಮೊದಲ ಮೂರು ವಾರಗಳಲ್ಲಿ ಶ್ವಾಸಯಂತ್ರದ ಚಿಕಿತ್ಸೆ ಪಡೆದ ೩೧ ಮಂದಿಯಲ್ಲಿ ೨೭ ಮಂದಿ ಮೃತರಾದರು. ಅವರ ರಕ್ತದಲ್ಲಿ ಇಂಗಾಲಾಮ್ಲವು ಹೆಚ್ಚಿದ್ದುದನ್ನು ಕಂಡ ವೈದ್ಯರು ಅದನ್ನು ಕ್ಷಾರವೃದ್ಧಿಯೆಂದು ಬಗೆದಿದ್ದರು. ಅದು ಉಸಿರು ಸಾಲದುದರ ಚಿಹ್ನೆಯೆಂದು ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನು ಗ್ರಹಿಸಿದನು. ಆಗಸ್ಟ್ ೨೭ರಂದು ಒಬ್ಬ ಬಾಲಿಕೆಯ ಶ್ವಾಸನಾಳವನ್ನು ಛೇದಿಸಿ ಕೊಳವೆಯನ್ನಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿಯನ್ನು ತುಂಬಿಸಲಾಯಿತು, ಆಕೆ ಬದುಕಿದಳು. ಅನಂತರ ಸುಮಾರು ೧,೫೦೦ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ರೋಗಿಗಳ ಬಳಿ ಕುಳಿತು ಚೀಲಗಳನ್ನು ಒತ್ತಿದರು. ನೂರಕ್ಕೆ ೮೭ರಷ್ಟಿದ್ದ ಮರಣವು ಕ್ರಮೇಣ ಸುಮಾರು ೨೫ಕ್ಕೆ ಇಳಿಯಿತು. ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ ಎಂಬ ಚರಕನ ಚತುಷ್ಪಾದಗಳಲ್ಲಿ ಮೂರನೆಯದಾದ ಪರಿಚಾರಕಪಾದದ ಬಲವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತವು ವಿರಳ.

ಈಗ ಅರಿಷ್ಟಗಳ ಸ್ಥಾನಕ್ಕೆ ಅಂಕಗಳು ಬಂದಿವೆ. ೨೦೧೪ರಲ್ಲಿ ಪ್ರಕಟವಾದ ‘ರೆಸ್ಪ್’ ಎಂಬ ಗಣನೆಯು, ರಕ್ತಕ್ಕೆ ದೇಹದ ಹೊರಗೆ ಆಮ್ಲಜನಕವನ್ನು ಕೂಡಿಸುವ ಎಕ್ಮೋ ಯಂತ್ರದಿಂದ ಚಿಕಿತ್ಸೆ ಪಡೆದ ೨,೩೫೫ ರೋಗಿಗಳ ವೃತ್ತಾಂತವನ್ನು ಆಧರಿಸಿದುದು. ವಯಸ್ಸು, ರೋಗಕಾರಣ, ಅದಕ್ಕೆ ಮುನ್ನ ಶ್ವಾಸಯಂತ್ರದಲ್ಲಿದ್ದ ಕಾಲ ಮೊದಲಾದ ೧೨ ಅಂಶಗಳಿಂದ ಬದುಕುವ ಸಂಭವವನ್ನು ಅದು ಅಳೆಯುತ್ತದೆ. ಅರಿಷ್ಟವು ನಿಶ್ಚಯವನ್ನು ನುಡಿಯಿತು. ಈ ಗಣನೆಯು ಸಂಭವವನ್ನು ಮಾತ್ರ ನುಡಿಯುತ್ತದೆ. ಆದರೆ ಅದೂ ಒಂದು ಕಾಲದ ಸಾಧನಗಳಿಂದ ಚಿಕಿತ್ಸೆ ಪಡೆದವರ ಲೆಕ್ಕವೇ. ೧೯೫೨ರ ಆಗಸ್ಟ್ ತಿಂಗಳ ಮೊದಲಲ್ಲಿ ಇಂಥ ಗಣನೆ ಮಾಡಿದ್ದರೆ, ಆ ಬಾಲಿಕೆಯೂ ಅಸಾಧ್ಯರ ಪಂಕ್ತಿಗೇ ಸೇರುತ್ತಿದ್ದಳು.

ಆದುದರಿಂದ ವೈದ್ಯಗ್ರಂಥಗಳನ್ನು ಕನ್ನಡಿಸುವವರು ‘ಅಸಾಧ್ಯ’ ಶಬ್ದಕ್ಕೆ ‘ಎಂದಿಗೂ ಗುಣವಾಗದ’ ಎಂದು ಅರ್ಥ ಬರೆಯುವ ಮುನ್ನ, ಯಾವ ಕಾಲದ ಯಾವ ಸಾಧನಕ್ಕೆ ಅಸಾಧ್ಯವೆಂಬುದನ್ನು ವಿಚಾರಿಸುವುದು ಯುಕ್ತವೆಂದು ತೋರುತ್ತದೆ.