ಅಕ್ಕನ ಫಾತಿಹಾ, ತಂಗಿಯ ತಾಲೀಮು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಉರ್ದು ಮನೆಮಾತಿನ ಮುಸ್ಲಿಮರಲ್ಲಿ ಅಕ್ಕತಂಗಿಯರು ಬೇರೆ ಬೇರೆ ಊರು ಸೇರಿದ ಮೇಲೂ ಹಬ್ಬ, ಹೆರಿಗೆ, ಸಾವುಗಳಿಗೆ ತವರಿನಲ್ಲಿ ಕೂಡುತ್ತಾರೆ. ಈ ಕೂಟದಲ್ಲಿ ಬಿರುಕು ಕಾಣಿಸಿಕೊಳ್ಳಲು ಒಂದು ತಟ್ಟೆ ಸಿಹಿ ಸಾಕು. ತೀರಿಕೊಂಡ ತಂದೆಗೆ ಪುಣ್ಯ ಸಲ್ಲಲಿ ಎಂದು ಅಕ್ಕ ಫಾತಿಹಾ ಓದಿಸಿ ಹಂಚಿದ್ದನ್ನು ತಂಗಿ ಮುಟ್ಟುವುದಿಲ್ಲ. ಅವಳ ದೃಷ್ಟಿಯಲ್ಲಿ ಅದು 'ಬಿದ್‌ಅತ್', ಅಂದರೆ ಧರ್ಮದಲ್ಲಿಲ್ಲದ ಹೊಸ ಸೇರ್ಪಡೆ.

ವಿಚಿತ್ರವೆಂದರೆ ಕುರಾನ್, ನಮಾಜು, ಉಪವಾಸ ಇಬ್ಬರಿಗೂ ಒಂದೇ. ಇಬ್ಬರೂ ಹನಫಿ ಪಂಥದವರೇ. ಭೇದದ ಬೇರು ಇರುವುದು ದೂರದ ಉತ್ತರ ಭಾರತದಲ್ಲಿ. 1857ರ ದಂಗೆಯ ನಂತರ ಮೊಗಲರ ಅರಸೊತ್ತಿಗೆ ಅಳಿಯಿತು. 1866ರಲ್ಲಿ ದೇವಬಂದ್‌ನಲ್ಲಿ ಮದರಸಾ ಕಟ್ಟಿದ ಉಲೇಮಾಗಳು, ರಾಜ್ಯ ಹೋದರೂ ಧರ್ಮ ಉಳಿಯಬೇಕಾದರೆ ಆಚರಣೆಗಳು ಶುದ್ಧವಾಗಬೇಕು ಎಂದರು. ಬರೇಲಿಯ ಅಹಮದ್ ರಜಾ ಖಾನ್ (1856-1921) ಮಿಲಾದ್, ಫಾತಿಹಾ, ವಲಿಗಳ ಗೌರವಗಳನ್ನು ಅದೇ ಶಾಸ್ತ್ರದ ಆಧಾರದಿಂದ ಸಮರ್ಥಿಸಿದರು. 1920ರ ದಶಕದಲ್ಲಿ ದೆಹಲಿ ಬಳಿಯ ಮೇವಾತದಲ್ಲಿ ಮೌಲಾನಾ ಇಲ್ಯಾಸ್ ತಬ್ಲೀಗ್ ಚಳವಳಿ ಆರಂಭಿಸಿದರು. ಹಾಸಿಗೆ ಗಂಟು ಹೊತ್ತು ತಿರುಗುವ ಅದರ ಜಮಾತುಗಳು ಕ್ರಮೇಣ ದಕ್ಷಿಣದ ಸಣ್ಣ ಪೇಟೆಗಳಿಗೂ ಬಂದವು.

ಗಂಡಸರಿಗೆ ಇದು ಮಸೀದಿಯ ಆಡಳಿತ ಯಾರದು ಎಂಬ ಜಗಳ. ಹೆಂಗಸರ ಕಷ್ಟ ಬೇರೆ. ಈ ಭಾಗದ ಬಹುತೇಕ ಮಸೀದಿಗಳಲ್ಲಿ ಅವರು ನಮಾಜು ಮಾಡುವ ರೂಢಿಯೇ ಇರಲಿಲ್ಲ. ಹರಕೆ ಹೊತ್ತು, ಅತ್ತು, ಎದೆ ಹಗುರ ಮಾಡಿಕೊಂಡು ಬರಲು ಇದ್ದದ್ದು ದರ್ಗಾ. ಸಮಾಧಿಯ ಮುಂದೆ ಬೇಡುವುದು ತಪ್ಪು ಎಂದಾಗ, ಮನೆಯ ಹೊರಗೆ ತನ್ನದೆಂದು ಇದ್ದ ಜಾಗವನ್ನೇ ಕಿತ್ತುಕೊಂಡಂತೆ ಅಕ್ಕನಿಗೆ ಅನ್ನಿಸಿತು. ಹಾಗೆಂದು ತಂಗಿಯನ್ನು ಗಂಡನ ಮನೆಯವರು ಹೇಳಿದಂತೆ ಕೇಳಿದವಳು ಎಂದಷ್ಟೇ ತಳ್ಳಿಹಾಕುವುದು ಅನ್ಯಾಯ. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಹೆಂಗಸರು ಸೇರಿ ಧರ್ಮಗ್ರಂಥ ಓದಿ ಕೇಳುವ 'ತಾಲೀಮು' ಅವಳಿಗೆ ತಿಳಿವಳಿಕೆಯನ್ನೂ ಗೆಳತಿಯರನ್ನೂ ಕೊಟ್ಟಿತು. ಒಬ್ಬಳ ತಾಣ ಇನ್ನೊಬ್ಬಳಿಗೆ ನಿಷಿದ್ಧವಾದದ್ದು ಹೀಗೆ.

ಇಬ್ಬರಿಗೂ ಮುಚ್ಚಿದ್ದ ಬಾಗಿಲು ಮಸೀದಿಯದು. ಹಾಸನದ ವಕೀಲೆ, ಕಥೆಗಾರ್ತಿ ಬಾನು ಮುಷ್ತಾಕ್ (2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವರು ಇವರೇ) ಮಸೀದಿ ಪ್ರವೇಶ ಮುಸ್ಲಿಂ ಮಹಿಳೆಯರ ಹಕ್ಕು ಎಂದು ವಾದಿಸಿದರು. ಅದಕ್ಕಾಗಿ 2000ದಲ್ಲಿ ಅವರ ಕುಟುಂಬಕ್ಕೆ ಮೂರು ತಿಂಗಳು ಬಹಿಷ್ಕಾರ ಹಾಕಲಾಯಿತು. ಬೆದರಿಕೆ ಕರೆಗಳು ಬಂದವು. ಚೂರಿಯಿಂದ ಇರಿಯಲು ಬಂದವನನ್ನು ಅವರ ಪತಿ ತಡೆದರು. ಬಹಿಷ್ಕಾರದ ಬಿಸಿ ಮೊದಲು ತಟ್ಟುವುದು ಮದುವೆ, ಮರಣದ ಮನೆಗಳಲ್ಲಿ. ಬಂಧುಬಳಗದ ಹೆಂಗಸರ ಹೋಗಿಬರುವಿಕೆಯೇ ನಿಲ್ಲುತ್ತದೆ.

2020ರಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ನಮಾಜಿಗಾಗಿ ಮಹಿಳೆ ಮಸೀದಿಗೆ ಹೋಗಲು ಇಸ್ಲಾಮಿನಲ್ಲಿ ಅನುಮತಿ ಇದೆ, ಆದರೆ ಸಾಮೂಹಿಕ ನಮಾಜು ಆಕೆಗೆ ಕಡ್ಡಾಯವಲ್ಲ ಎಂದಿತು. ಅಕ್ಕನ ದರ್ಗಾ, ತಂಗಿಯ ತಾಲೀಮು ಯಾವುದೂ ಆ ಪ್ರಕರಣದ ಪ್ರಶ್ನೆಯಾಗಿರಲಿಲ್ಲ.