ಒಮ್ಮೆ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಬಹುದೇ? – ಗೋವಾ ಜನಮತಗಣನೆಯ ಪಾಠ

ನಮ್ಮ ಲೋಕಾಪುರದ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯರನ್ನು ಕೂಡಿಸಿ ವಾಟ್ನಿ ಮಾಡಿಕೊಳ್ಳುವುದು ರೂಢಿ. ಒಬ್ಬನಿಗೆ ಎರೆಹೊಲ, ಇನ್ನೊಬ್ಬನಿಗೆ ಮಸಾರಿ. ಹತ್ತು ವರ್ಷಗಳ ತರುವಾಯ ಮಸಾರಿಯವನು "ಅಂದು ನನಗೆ ತಿಳಿಯಲಿಲ್ಲ, ಮತ್ತೊಮ್ಮೆ ಕೂಡೋಣ" ಎಂದರೆ ಹಿರಿಯರು ಏನು ಹೇಳಬೇಕು? ಕೂಡುವುದಿಲ್ಲವೆಂದರೆ ನಿಷ್ಠುರ, ಕೂಡಿದರೆ ಯಾವ ವಾಟ್ನಿಯೂ ಎಂದಿಗೂ ಮುಗಿಯದು. ಮನೆತನಕ್ಕೆ ಬರುವ ಈ ಪೇಚು ರಾಷ್ಟ್ರಗಳಿಗೂ ಬರುತ್ತದೆ.

ಬ್ರಿಟನ್ನಿನಲ್ಲಿ 2016ರ ಜೂನ್ 23ರಂದು ಐರೋಪ್ಯ ಒಕ್ಕೂಟವನ್ನು ತೊರೆಯುವ ಬಗ್ಗೆ ಜನಮತಗಣನೆ ನಡೆಯಿತು. ತೊರೆಯೋಣವೆಂದವರು ಶೇಕಡಾ 51.9, ಬೇಡವೆಂದವರು 48.1. ಅಲ್ಲಿಂದ ಮೂರೂವರೆ ವರ್ಷ ಆ ದೇಶ "ಮತ್ತೊಮ್ಮೆ ಕೇಳೋಣ" ಎನ್ನುವವರ ಮತ್ತು "ಕೇಳಿಯಾಯಿತು, ಮುಗಿಯಿತು" ಎನ್ನುವವರ ನಡುವೆ ಸೀಳಿಹೋಯಿತು. ಕೊನೆಗೆ ಮತ್ತೆ ಕೇಳದೆಯೇ 2020ರ ಜನವರಿ 31ರಂದು ಒಕ್ಕೂಟದಿಂದ ಹೊರಬಂದಿತು. ಐರ್ಲೆಂಡ್ ಇದಕ್ಕೆ ಬೇರೆ ದಾರಿ ಹಿಡಿದಿತ್ತು. 2008ರಲ್ಲಿ ಜನರು ತಿರಸ್ಕರಿಸಿದ ಲಿಸ್ಬನ್ ಒಪ್ಪಂದವನ್ನು ಕೆಲವು ಭರವಸೆಗಳನ್ನು ಪಡೆದುಕೊಂಡು 2009ರಲ್ಲಿ ಪುನಃ ಜನರ ಮುಂದಿಟ್ಟಿತು, ಜನರು ಒಪ್ಪಿದರು. ಯಾವುದು ಸರಿ? ಉತ್ತರಕ್ಕಾಗಿ ಕಡಲು ದಾಟಬೇಕಾಗಿಲ್ಲ. ನಮ್ಮ ಮಗ್ಗುಲಲ್ಲೇ ಇರುವ, ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಹೋಗಿ ನೆಲೆಸಿರುವ ಗೋವಾದ ಇತಿಹಾಸವನ್ನು ನೋಡಿದರೆ ಸಾಕು.

ಗೋವಾ ಪೋರ್ಚುಗೀಸರಿಂದ ವಿಮೋಚನೆಗೊಂಡದ್ದು 1961ರ ಡಿಸೆಂಬರ್ 19ರಂದು. ಒಡನೆಯೇ ಎದ್ದ ಪ್ರಶ್ನೆ: ಈ ಪುಟ್ಟ ನಾಡು ಪ್ರತ್ಯೇಕವಾಗಿ ಉಳಿಯಬೇಕೇ, ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ? 1963ರ ಡಿಸೆಂಬರಿನ ಚುನಾವಣೆಯಲ್ಲಿ ವಿಲೀನವಾದಿಯಾದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಗೆದ್ದು ದಯಾನಂದ ಬಾಂದೋಡಕರ ಅವರು ಮುಖ್ಯಮಂತ್ರಿಗಳಾದರು. ಜನ ತೀರ್ಪು ಕೊಟ್ಟಾಯಿತು, ಇನ್ನು ವಿಲೀನವೊಂದೇ ಬಾಕಿ ಎಂಬುದು ಅವರ ಪಕ್ಷದ ವಾದ. ಡಾ. ಜ್ಯಾಕ್ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷ ಇದನ್ನೊಪ್ಪಲಿಲ್ಲ. ಚುನಾವಣೆಯಲ್ಲಿ ಜನರು ಜಮೀನು, ಶಾಲೆ, ಜಾತಿ, ಅಭ್ಯರ್ಥಿ ಎಲ್ಲವನ್ನೂ ನೋಡಿ ಮತ ಹಾಕುತ್ತಾರೆ. ನಾಡಿನ ಅಸ್ತಿತ್ವದ ಪ್ರಶ್ನೆಯನ್ನು ಪ್ರತ್ಯೇಕವಾಗಿಯೇ ಕೇಳಬೇಕು ಎಂಬುದು ಈ ಪಕ್ಷದ ನಿಲುವು.

ಕೇಂದ್ರ ಸರಕಾರ ಈ ವಾದಕ್ಕೆ ಮನ್ನಣೆಯಿತ್ತಿತು. ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಪ್ರತ್ಯೇಕ ವಿಧಿಯಿಲ್ಲ. ಮೂರನೆಯ ವಿಧಿಯ ಪ್ರಕಾರ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿನದು. ಆದ್ದರಿಂದ 1966ರ ಡಿಸೆಂಬರಿನಲ್ಲಿ ಇದಕ್ಕೆಂದೇ ಸಂಸತ್ತು ಒಂದು ಕಾಯಿದೆ ಮಾಡಿತು. ಆಡಳಿತ ಯಂತ್ರ ಒಂದು ಪಕ್ಷಕ್ಕೆ ವಾಲಬಾರದೆಂಬ ಒತ್ತಾಯಕ್ಕೆ ಮಣಿದು ಬಾಂದೋಡಕರರ ಮಂತ್ರಿಮಂಡಲ ಮತದಾನಕ್ಕೆ ಮೊದಲೇ ರಾಜೀನಾಮೆ ನೀಡಿತು. ಹೊರಗೆ ನೆಲೆಸಿದ ಗೋವನ್ನರಿಗೂ ಮತದ ಹಕ್ಕು ಬೇಕೆಂಬ ಸಿಕ್ವೇರಾ ಪಕ್ಷದ ಬೇಡಿಕೆ ಈಡೇರಲಿಲ್ಲ. ಹೀಗೆ ಇಬ್ಬರೂ ಒಂದೊಂದನ್ನು ಬಿಟ್ಟುಕೊಟ್ಟೇ ಕಣಕ್ಕಿಳಿದರು. ವಿಲೀನಕ್ಕೆ ಹೂವಿನ ಚಿಹ್ನೆ, ಪ್ರತ್ಯೇಕತೆಗೆ ಎರಡು ಎಲೆಗಳ ಚಿಹ್ನೆ.

ಓದುಗರು ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. ಮಹಾರಾಷ್ಟ್ರದೊಂದಿಗೆ ವಿಲೀನ ಬೇಡವೆಂದು ಗಟ್ಟಿಯಾಗಿ ವಾದಿಸಿದ 'ರಾಷ್ಟ್ರಮತ' ಮರಾಠಿ ದಿನಪತ್ರಿಕೆ! ಮರಾಠಿ ಓದುವ ಮತದಾರನಿಗೆ ಮರಾಠಿಯಲ್ಲಿಯೇ ಹೇಳಬೇಕೆಂಬ ವಿವೇಕ ಅದರ ಹಿಂದಿತ್ತು. ಉದಯ ಭೆಂಬ್ರೆ ಅವರ 'ಬ್ರಹ್ಮಾಸ್ತ್ರ' ಅಂಕಣ ಅದರಲ್ಲಿಯೇ ಪ್ರಕಟವಾಗುತ್ತಿತ್ತು. ಭಾಷೆಯೊಂದು, ನಿಷ್ಠೆಯೊಂದು ಆಗಿರಬಹುದೆಂಬುದನ್ನು ಗಡಿಭಾಗದವರಾದ ನಾವು ಮರೆಯಬಾರದು.

1967ರ ಜನವರಿ 16ರಂದು ಮತದಾನ ನಡೆಯಿತು. 3,88,432 ಮತದಾರರಲ್ಲಿ 3,17,633 ಮಂದಿ, ಅಂದರೆ ಶೇಕಡಾ 82ರಷ್ಟು ಜನ ಮತ ಹಾಕಿದರು. ಪ್ರತ್ಯೇಕತೆಗೆ 1,72,191, ವಿಲೀನಕ್ಕೆ 1,38,170. ಅಂತರ 34,021. ಸಿಂಧುವಾದ ಮತಗಳ ಲೆಕ್ಕದಲ್ಲಿ ನೂರಕ್ಕೆ ಐವತ್ತೈದೂವರೆ ಒಂದು ಕಡೆ, ನಲವತ್ತನಾಲ್ಕೂವರೆ ಇನ್ನೊಂದು ಕಡೆ. ಸೋತವರು ಸಣ್ಣ ಗುಂಪೇನಲ್ಲ.

ಇನ್ನು ಮುಂದಿನದೇ ನಿಜವಾದ ಪರೀಕ್ಷೆ. ಎರಡೇ ತಿಂಗಳ ಬಳಿಕ, ಅದೇ ಮಾರ್ಚಿನಲ್ಲಿ ವಿಧಾನಸಭಾ ಚುನಾವಣೆ ಬಂದಿತು. ಜನಮತಗಣನೆಯಲ್ಲಿ ಸೋತ ಗೋಮಾಂತಕ ಪಕ್ಷವೇ 30 ಸ್ಥಾನಗಳಲ್ಲಿ 16ನ್ನು ಗೆದ್ದು, ಬಾಂದೋಡಕರರು ಪುನಃ ಮುಖ್ಯಮಂತ್ರಿಗಳಾದರು! ನಾನು ಪೌರನೀತಿಯ ತರಗತಿಯಲ್ಲಿ ಈ ಸಂಗತಿ ಹೇಳಿದಾಗಲೆಲ್ಲ ಒಬ್ಬರಲ್ಲ ಒಬ್ಬರು ವಿದ್ಯಾರ್ಥಿಗಳು ಎದ್ದುನಿಂತು, "ಹಂಗಾದ್ರ ಮತ್ತೊಮ್ಮೆ ಕೇಳಬೇಕಿತ್ತಲ್ರಿ ಸರ್?" ಎನ್ನುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಿಕ್ವೇರಾ ಪಕ್ಷ ಹೇಳಿದ್ದೂ ಇದನ್ನೇ ಅಲ್ಲವೇ? ಸರಕಾರವನ್ನು ಆರಿಸುವುದು ಬೇರೆ, ನಾಡಿನ ಹಣೆಬರಹವನ್ನು ಬರೆಯುವುದು ಬೇರೆ. ಅದೇ ಜನ ಎರಡು ತಿಂಗಳಲ್ಲಿ ಎರಡು ಬಗೆಯಾಗಿ ಮತ ಹಾಕಿ ಈ ಅಂತರವನ್ನು ತೋರಿಸಿಕೊಟ್ಟರು. ವಿಲೀನದ ಪ್ರಶ್ನೆ ಮತ್ತೆ ಮತಪೆಟ್ಟಿಗೆಗೆ ಹೋಗಲಿಲ್ಲ.

ಹೋಗದಿರಲು ನನಗೆ ತೋರುವ ಕಾರಣಗಳು ಎರಡು. ಮೊದಲನೆಯದು, ಸೋತವರು ಮೂಲೆಗುಂಪಾಗಲಿಲ್ಲ. ಅಧಿಕಾರ ಅವರ ಕೈಗೇ ಬಂದಿತು. ಎರಡನೆಯದು, ಸೋತವರ ಅಳಲಿಗೆ ಮುಂದೆ ಜಾಗ ದೊರೆಯಿತು. 1987ರ ರಾಜಭಾಷಾ ಕಾಯಿದೆ ಕೊಂಕಣಿಯನ್ನು ರಾಜಭಾಷೆಯನ್ನಾಗಿಸಿದರೂ ಮರಾಠಿಯನ್ನು ಆಡಳಿತದಲ್ಲಿ ಬಳಸಲು ಅವಕಾಶವನ್ನಿತ್ತಿತು. ಅದಕ್ಕೂ ಮುನ್ನ ಬೀದಿಯಲ್ಲಿ ಪ್ರಾಣಹಾನಿಯಾದದ್ದು ದುಃಖದ ಸಂಗತಿ. ಅದೇ ವರ್ಷ ಮೇ 30ರಂದು ಗೋವಾ ಪೂರ್ಣ ರಾಜ್ಯವಾಯಿತು. ಗಮನಿಸಿ, 'ರಾಜ್ಯ' ಎಂಬ ಆಯ್ಕೆ 1967ರ ಮತಪತ್ರದಲ್ಲಿ ಇರಲೇ ಇಲ್ಲ. ಇದ್ದುದು ವಿಲೀನ ಅಥವಾ ಕೇಂದ್ರಾಡಳಿತ. ಎಂದರೆ ಅಂದಿನ ಉತ್ತರ ಕಲ್ಲಿನಲ್ಲಿ ಕೊರೆದದ್ದಾಗಿರಲಿಲ್ಲ. ಆದರೆ ಅದನ್ನು ಕೆಡವಲಿಲ್ಲ, ಅದರ ಮೇಲೆ ಕಟ್ಟಿದರು.

ಈಗ ನಮ್ಮ ಕಡೆಗೆ ತಿರುಗೋಣ. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದವರಾದೆವು. ಎರಡು ಸಲವೂ ಮತಪೆಟ್ಟಿಗೆ ನಮ್ಮ ಊರಿಗೆ ಬರಲಿಲ್ಲ. ಏಕೀಕರಣ ಜನರ ಹಂಬಲವೇ ಆಗಿತ್ತೆಂಬುದು ಬೇರೆ ಮಾತು. ಬೆಳಗಾವಿಯ ಪ್ರಶ್ನೆ ಮಾತ್ರ ಉಳಿಯಿತು. ಗೋವಾದ ಜನ ಮತ ಹಾಕಿದ ಅದೇ 1967ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಮೆಹರಚಂದ ಮಹಾಜನ ಅವರ ಆಯೋಗ ವರದಿ ಕೊಟ್ಟಿತು. ನಿಪ್ಪಾಣಿ, ಖಾನಾಪುರ ಸೇರಿ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ. ಅಕ್ಕಲಕೋಟ ಸೇರಿ 247 ಹಳ್ಳಿಗಳು ಮತ್ತು ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ನಮಗೆ. ಬೆಳಗಾವಿ ನಗರ ನಮ್ಮಲ್ಲೇ ಎಂದಿತು. ಆಯೋಗ ಬೇಕೆಂದು ಪಟ್ಟುಹಿಡಿದಿದ್ದ ಮಹಾರಾಷ್ಟ್ರವೇ ವರದಿಯನ್ನು ತಿರಸ್ಕರಿಸಿತು; 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಎರಡು ದಶಕ ಕಳೆದರೂ ಬಸ್ಸುಗಳ ಮೇಲೆ ಮಸಿ ಬಳಿಯುವುದು ನಿಂತಿಲ್ಲ.

ಹಾಗಾದರೆ ಬೆಳಗಾವಿಯಲ್ಲೂ ಜನಮತಗಣನೆ ನಡೆಸಬೇಕೇ? ಬೇಡವೆಂಬುದೇ ನನ್ನ ಅಭಿಪ್ರಾಯ. ಗೋವಾಕ್ಕೆ ಸ್ಪಷ್ಟವಾದ ಮೇರೆಯಿತ್ತು, ಯಾರು ಮತದಾರರೆಂಬುದು ನಿಶ್ಚಿತವಾಗಿತ್ತು. ಇಲ್ಲಿ ಊರಿಗೊಂದು, ಓಣಿಗೊಂದು ಲೆಕ್ಕವಾದೀತು. ಒಂದೇ ಮನೆಯಲ್ಲಿ ಅತ್ತೆ ಮರಾಠಿ, ಸೊಸೆ ಕನ್ನಡ. ಜನಮತಗಣನೆಯ ಬಲ ಮತಪೆಟ್ಟಿಗೆಯಲ್ಲಷ್ಟೇ ಇಲ್ಲ, ಸೋತರೂ ಒಪ್ಪುತ್ತೇವೆಂದು ಮೊದಲೇ ಕೊಡುವ ಮಾತಿನಲ್ಲಿದೆ. ಆ ಮಾತಿಲ್ಲದೆ ಆಯೋಗ ಬಂದರೂ, ನ್ಯಾಯಾಲಯ ಹೇಳಿದರೂ, ಮತ ಎಣಿಸಿದರೂ ಫಲ ಒಂದೇ.

ಪ್ರಜಾಪ್ರಭುತ್ವದಲ್ಲಿ ಯಾವ ಪ್ರಶ್ನೆಯನ್ನೂ ಕೇಳಲೇಬಾರದೆನ್ನುವಂತಿಲ್ಲ. ಆದರೆ ಮರುಪ್ರಶ್ನೆ ಕೇಳುವವನು ಎರಡು ಸಂಗತಿಗಳಿಗೆ ಉತ್ತರಿಸಬೇಕು: ಅಂದು ಇಲ್ಲದಿದ್ದ ಯಾವ ಹೊಸ ಸಂಗತಿ ಇಂದು ಬಂದಿದೆ? ಈ ಸಲವೂ ಸೋತರೆ ಸುಮ್ಮನಾಗುವೆಯಾ? ಗೆದ್ದವನಿಗೂ ಒಂದು ಹೊಣೆಯುಂಟು: ಸೋತವನಿಗೆ ಮತ್ತೆ ಕೇಳಬೇಕೆನ್ನಿಸದಂತೆ ಬಾಳುವುದು. ಬೆಳಗಾವಿಯ ಮರಾಠಿ ಮಗುವಿಗೆ ತನ್ನ ಶಾಲೆ, ಜತ್ತ, ಅಕ್ಕಲಕೋಟಗಳ ಕನ್ನಡದ ಮಗುವಿಗೆ ತನ್ನ ಶಾಲೆ ಉಳಿದುಬಂದರೆ ಗಡಿಯ ಗೆರೆ ತಾನಾಗಿಯೇ ತೆಳುವಾಗುತ್ತದೆ. ಆ ಕೆಲಸಕ್ಕೆ ಜನಮತಗಣನೆ ಬೇಕಿಲ್ಲ, ಎರಡೂ ಸರಕಾರಗಳ ಮನಸ್ಸು ಬೇಕು.