ಊರು ಬಿಟ್ಟ ಮೇಲೆ ಅಂಟುವ ಹೆಸರು

‘ಓಪನ್‌ಹೈಮರ್’ ಸಿನಿಮಾ ನೋಡಿರ್ತೀರಿ. ಆ ಅಡ್ಡಹೆಸರು ಜರ್ಮನಿಯ ಓಪನ್‌ಹೈಮ್ ಅನ್ನೋ ಪಟ್ಟಣದ್ದು. ಅಲ್ಲಿಂದ ಬಂದ ಯಹೂದಿ ಮನೆತನಗಳನ್ನ ಬೇರೆ ಊರವರು ಹಾಗೆ ಗುರುತಿಸ್ತಿದ್ರು. ಓಪನ್‌ಹೈಮ್ ಒಳಗೇ ಇದ್ದರೆ ಆ ಹೆಸರಿಂದ ಏನು ಉಪಯೋಗ? ಎಲ್ಲರೂ ಅಲ್ಲಿನವರೇ.

ನಮ್ಮ ಕುರುಗೋಡಿಗೂ ಇದೇ ಲೆಕ್ಕ. ಸಿಂದ ಅರಸರು ಆಳಿದ ಊರು, ದೊಡ್ಡ ಬಸವೇಶ್ವರನ ಊರು. ಊರೊಳಗೆ ಬಡಿಗೇರ, ಕುಂಬಾರ, ತಳವಾರ ಅಂದ್ರೆ ಮನೆ ಗೊತ್ತಾಗುತ್ತೆ. ‘ಕುರುಗೋಡಿನವರು’ ಅನ್ನೋದು ಬಳ್ಳಾರಿಗೋ ಸಿರುಗುಪ್ಪಕ್ಕೋ ಹೋಗಿ ನೆಲೆಸಿದವರಿಗೆ ಅಂಟೋ ಹೆಸರು. ಅದನ್ನ ಹುಡುಕಬೇಕಾದ್ರೆ ಊರ ಹೊರಗೇ ಹುಡುಕಬೇಕು.

ಈಗ ಮಜಾ ನೋಡ್ರಿ. ಧಾರವಾಡದ ಕಡೆ ಬಾಂಬೆ ಪ್ರಾಂತ್ಯದ ರೂಢಿ, ಊರು ಹೆಸರಿನ ಕೊನೆಗೆ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್. ಬಳ್ಳಾರಿ 1953ರ ಅಕ್ಟೋಬರ್ 1ರ ತನಕ ಮದರಾಸಿಗೆ ಸೇರಿತ್ತು. ಹಾಗಾಗಿ ಇಲ್ಲಿ ಊರು ಹೆಸರಿನ ಮುಂದೆ ಬರುತ್ತೆ, ಅದೂ ಒಂದೇ ಅಕ್ಷರವಾಗಿ. ‘ಕೆ.’ ಅಂದ್ರೆ ಕುರುಗೋಡೋ, ಕಂಪ್ಲಿಯೋ, ಕೊಟ್ಟೂರೋ? ಆ ಮನೆಯ ಹಿರಿಯರನ್ನೇ ಕೇಳಬೇಕು. ನನಗಂತೂ ಧಾರವಾಡದವರ ಪದ್ಧತಿಯೇ ವಾಸಿ ಅನ್ಸುತ್ತೆ, ಊರು ಕಣ್ಣಿಗಾದ್ರೂ ಕಾಣುತ್ತೆ.

ಯಾಕಂದ್ರೆ ಪ್ಯಾನ್ ಅರ್ಜಿ ಇನಿಷಿಯಲ್ ಒಪ್ಪಲ್ಲ, ಸರ್‌ನೇಮ್ ಜಾಗ ಖಾಲಿ ಬಿಡಂಗಿಲ್ಲ. ಅಣ್ಣ ‘ಕುರುಗೋಡು’ ಅಂತ ತುಂಬಿಸ್ತಾನೆ, ತಂಗಿ ಅಪ್ಪನ ಹೆಸರು ಹಾಕ್ತಾಳೆ. ಅಲ್ಲಿಗೆ ಒಂದೇ ಮನೇಲಿ ಎರಡು ಅಡ್ಡಹೆಸರು. ಅಜ್ಜನ ಹೊಲ ಪಾಲಾಗೋ ಹೊತ್ತಿಗೆ ಇಬ್ಬರೂ ನಾಡಕಚೇರಿಗೆ ಹೋಗಿ, ವಂಶವೃಕ್ಷ ಮಾಡಿಸ್ಕೊಂಡು, ಒಂದೇ ತಾಯಿ ಮಕ್ಕಳು ಅಂತ ತೋರಿಸಬೇಕು.